ಪಿಟ್‌ಕೇರ್ನ್ ದ್ವೀಪದ ಪಕ್ಕ ಹಡಗು ನಿಲ್ಲುವ ದಿನ: ಕ್ರೂಸ್ ಪ್ರಯಾಣಿಕರಿಗೊಂದು ಮಾರ್ಗದರ್ಶಿ

ಕ್ರೂಸ್ ಬುಕ್ ಮಾಡಿದಾಗ ಕೈಗೆ ಬರುವ ದಿನಚರಿಯಲ್ಲಿ ಪಿಟ್‌ಕೇರ್ನ್ ಎಂಬ ಹೆಸರಿದ್ದರೆ, ಅದರ ಪಕ್ಕದಲ್ಲಿ ಸಾಮಾನ್ಯವಾಗಿ 'ಸೀನಿಕ್ ಕ್ರೂಸಿಂಗ್' ಎಂದು ಬರೆದಿರುತ್ತದೆ. ಹಡಗು ದ್ವೀಪದ ಹತ್ತಿರ ಹೋಗುತ್ತದೆ, ಆದರೆ ನಿಮ್ಮನ್ನು ಇಳಿಸುವುದಿಲ್ಲ ಎಂದು ಅದರ ಅರ್ಥ. ಇದನ್ನು ಓದಿದ ತುಂಬಾ ಜನ, ಇಳಿಯೋಕೇ ಆಗಲ್ಲ ಅಂದ ಮೇಲೆ ನೋಡೋದೇನು ಎಂದುಕೊಂಡು ಆ ದಿನವನ್ನು ಈಜುಕೊಳದ ಪಕ್ಕ ಮಲಗಿ ಕಳೆಯುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ನೀವು ದ್ವೀಪಕ್ಕೆ ಹೋಗದಿದ್ದರೂ ದ್ವೀಪದವರೇ ನಿಮ್ಮ ಹಡಗು ಹತ್ತಿ ಬರುತ್ತಾರೆ. ಅಲ್ಲಿ ಇರುವುದೇ ಐವತ್ತರ ಆಸುಪಾಸು ಜನ. ಅವರಲ್ಲಿ ಹೆಚ್ಚಿನವರನ್ನು ಒಂದೇ ದಿನ, ಒಂದೇ ಡೆಕ್ಕಿನಲ್ಲಿ ನೋಡಿ ಮಾತಾಡಿಸಬಹುದು. ಇಂಥ ಅವಕಾಶ ಪ್ರಪಂಚದಲ್ಲಿ ಇನ್ನೆಲ್ಲಿ ಸಿಗುತ್ತದೆ?

ಆ ಕೆಲವು ಗಂಟೆ ಸರಿಯಾಗಿ ಉಪಯೋಗ ಆಗಬೇಕಾದರೆ ಸ್ವಲ್ಪ ತಯಾರಿ ಬೇಕು. ಅದನ್ನೇ ಇಲ್ಲಿ ಬರೆದಿದ್ದೇನೆ.

ಎಲ್ಲಿದೆ ಈ ದ್ವೀಪ

ದಕ್ಷಿಣ ಪೆಸಿಫಿಕ್ ಸಾಗರದ ಮಧ್ಯೆ. ಪಶ್ಚಿಮಕ್ಕೆ ಟಹೀಟಿ ಸುಮಾರು 2,200 ಕಿ.ಮೀ., ಪೂರ್ವಕ್ಕೆ ಈಸ್ಟರ್ ದ್ವೀಪ ಸುಮಾರು 2,000 ಕಿ.ಮೀ. ಹತ್ತಿರದ ವಿಮಾನ ನಿಲ್ದಾಣ ಇರುವುದು ಫ್ರೆಂಚ್ ಪಾಲಿನೇಷ್ಯಾದ ಮಂಗರೇವಾ ಕಡೆ, ಅದೂ 500 ಕಿ.ಮೀ.ಗಿಂತ ಜಾಸ್ತಿ ದೂರ. ಪಿಟ್‌ಕೇರ್ನ್‌ನಲ್ಲಿ ವಿಮಾನ ಇಳಿಯುವ ಜಾಗವೇ ಇಲ್ಲ. ಸಾಮಾನು ಬರುವುದು ನ್ಯೂಜಿಲೆಂಡಿನಿಂದ, ಹಡಗಿನಲ್ಲಿ, ವರ್ಷಕ್ಕೆ ಕೆಲವೇ ಸಲ.

ದ್ವೀಪದ ವಿಸ್ತೀರ್ಣ ನಾಲ್ಕೂವರೆ ಚದರ ಕಿ.ಮೀ.ಗಿಂತ ಸ್ವಲ್ಪ ಜಾಸ್ತಿ. ಬೆಂಗಳೂರಿನ ಕಬ್ಬನ್ ಪಾರ್ಕ್‌ನಂಥ ನಾಲ್ಕು ಪಾರ್ಕ್ ಸೇರಿಸಿದರೆ ಹತ್ತಿರ ಹತ್ತಿರ ಅಷ್ಟಾಗುತ್ತದೆ. ಇದು ಬ್ರಿಟನ್ನಿಗೆ ಸೇರಿದ ಪ್ರದೇಶ. ಹೆಂಡರ್ಸನ್, ಓಯೆನೊ, ಡ್ಯೂಸಿ ಎಂಬ ಇನ್ನೂ ಮೂರು ದ್ವೀಪಗಳು ಇದರ ಜೊತೆಗಿವೆ, ಆದರೆ ಜನ ವಾಸ ಇರುವುದು ಪಿಟ್‌ಕೇರ್ನ್‌ನಲ್ಲಿ ಮಾತ್ರ. ಇರುವ ಒಂದೇ ಊರಿನ ಹೆಸರು ಆಡಮ್ಸ್‌ಟೌನ್.

ಬುಕ್ ಮಾಡುವ ಮೊದಲು ಮೂರು ವಿಷಯ ನೋಡಿ

ಮೊದಲನೆಯದು, ಹಡಗಿನ ಗಾತ್ರ. ಸಾವಿರಾರು ಜನರ ದೊಡ್ಡ ಹಡಗು ಇಲ್ಲಿ ಜನರನ್ನು ಇಳಿಸುವುದಿಲ್ಲ. ಬಂದರು ಎನ್ನುವಂಥದ್ದು ಇಲ್ಲಿಲ್ಲ. ಬೌಂಟಿ ಬೇ ಎಂಬ ಸಣ್ಣ ಕೊಲ್ಲಿಯಲ್ಲಿ ದೋಣಿ ಕಟ್ಟುವ ಒಂದು ಪುಟ್ಟ ಧಕ್ಕೆ ಇದೆ, ಅಷ್ಟೇ. ನೂರಿನ್ನೂರು ಜನ ಹಿಡಿಸುವ ಸಣ್ಣ ಎಕ್ಸ್‌ಪೆಡಿಷನ್ ಹಡಗುಗಳು ಗಾಳಿ ತುಂಬಿದ ರಬ್ಬರ್ ದೋಣಿಗಳಲ್ಲಿ ಜನರನ್ನು ಇಳಿಸಲು ಪ್ರಯತ್ನ ಮಾಡುತ್ತವೆ. ಅದಕ್ಕೂ ಅಲೆ ಒಪ್ಪಬೇಕು. ನೆಲ ಮುಟ್ಟಲೇಬೇಕು ಎಂಬ ಆಸೆ ಇದ್ದರೆ ಅಂಥ ಹಡಗನ್ನೇ ಹುಡುಕಿ. ಈ ಲೇಖನ ಹೆಚ್ಚಾಗಿ ದೊಡ್ಡ ಹಡಗಿನಲ್ಲಿ ಹೋಗುವವರಿಗೆ.

ಎರಡನೆಯದು, ವೀಸಾ. ಪಿಟ್‌ಕೇರ್ನ್‌ನಲ್ಲಿ ಇಳಿಯದಿದ್ದರೆ ಅದರ ಬಗ್ಗೆ ಚಿಂತೆ ಬೇಡ. ಆದರೆ ಹಡಗು ಹೊರಡುವ, ಮಧ್ಯೆ ನಿಲ್ಲುವ, ಕೊನೆಗೆ ಸೇರುವ ಪ್ರತಿ ಬಂದರಿಗೂ ಭಾರತದ ಪಾಸ್‌ಪೋರ್ಟ್ ಇರುವವರು ಬೇರೆ ಬೇರೆಯಾಗಿ ವಿಚಾರಿಸಬೇಕು. ಈ ಹಾದಿಯಲ್ಲಿ ಸಾಮಾನ್ಯವಾಗಿ ಬರುವುದು ಚಿಲಿ (ಈಸ್ಟರ್ ದ್ವೀಪ ಅವರದೇ), ಫ್ರೆಂಚ್ ಪಾಲಿನೇಷ್ಯಾ, ಕೆಲವೊಮ್ಮೆ ಅಮೆರಿಕ, ನ್ಯೂಜಿಲೆಂಡ್, ಆಸ್ಟ್ರೇಲಿಯಾ. ಇಲ್ಲಿ ಒಂದು ಕಡೆ ಜನ ಎಡವುತ್ತಾರೆ. ಯುರೋಪಿನ ಹಲವು ದೇಶಗಳಿಗೆ ಆಗುವ ಷೆಂಗನ್ ವೀಸಾ ಇದ್ದರೆ ಫ್ರೆಂಚ್ ಪಾಲಿನೇಷ್ಯಾದ ಟಹೀಟಿಗೂ ಆಗುತ್ತದೆ ಎಂದುಕೊಳ್ಳುತ್ತಾರೆ. ಅದು ತಾನಾಗಿಯೇ ಆಗುವುದಿಲ್ಲ. ಫ್ರಾನ್ಸಿನ ಸಾಗರದಾಚೆಯ ಪ್ರದೇಶಗಳಿಗೆ ಷೆಂಗನ್ ವ್ಯವಸ್ಥೆ ಅನ್ವಯ ಆಗುವುದಿಲ್ಲ. ಅರ್ಜಿ ಹಾಕುವಾಗಲೇ ಟಹೀಟಿಗೆ ಹೋಗುವುದನ್ನು ಹೇಳಿ, ಯಾವ ವೀಸಾ ಬೇಕು ಎಂದು ಕೇಳಿಕೊಳ್ಳಿ.

ಮೂರನೆಯದು, ವಿಮೆ. ಈ ಭಾಗದ ಸಮುದ್ರದಲ್ಲಿ ಹೆಲಿಕಾಪ್ಟರ್ ಬರುವಷ್ಟು ಹತ್ತಿರ ಯಾವ ದೊಡ್ಡ ಆಸ್ಪತ್ರೆಯೂ ಇಲ್ಲ. ವೈದ್ಯಕೀಯ ಕಾರಣಕ್ಕೆ ಬೇರೆ ಕಡೆ ಸಾಗಿಸುವ ಖರ್ಚನ್ನು ಕೊಡುವ ವಿಮೆಯನ್ನೇ ತೆಗೆದುಕೊಳ್ಳಿ. ವಯಸ್ಸಾದ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರು ಇದರಲ್ಲಿ ಚೌಕಾಸಿ ಮಾಡಬೇಡಿ. ದಿನಾ ತಿನ್ನುವ ಮಾತ್ರೆಗಳನ್ನು ಪ್ರಯಾಣದ ದಿನಗಳಿಗಿಂತ ಹದಿನೈದು ದಿನ ಜಾಸ್ತಿಗೆ ಇಟ್ಟುಕೊಳ್ಳಿ.

ಚೀಲದಲ್ಲಿ ಇರಬೇಕಾದದ್ದು

ಚಿಲ್ಲರೆ ಡಾಲರ್ ನೋಟು. ಇದನ್ನು ಎಲ್ಲಕ್ಕಿಂತ ಮೊದಲು ಬರೆಯುತ್ತಿದ್ದೇನೆ, ಕಾರಣ ಇದೆ. ದ್ವೀಪದ ನಾಣ್ಯ ನ್ಯೂಜಿಲೆಂಡ್ ಡಾಲರ್. ಹಡಗಿನ ಮೇಲೆ ಅಮೆರಿಕದ ಡಾಲರನ್ನೂ ತೆಗೆದುಕೊಳ್ಳುತ್ತಾರೆ. ಆದರೆ ಅವರ ಹತ್ತಿರ ವಾಪಸ್ ಕೊಡಲು ಚಿಲ್ಲರೆ ಎಷ್ಟಿರುತ್ತದೆ ಹೇಳಿ? ನಾನು ಹೋದಾಗ ನನ್ನ ಕೈಯಲ್ಲಿ ಇದ್ದದ್ದು ನೂರರ ನೋಟು. ಹಡಗಿನ ಕೌಂಟರಿಗೆ ಹೋಗಿ ಮುರಿಸೋಣ ಎಂದರೆ ಅಲ್ಲಿ ದೊಡ್ಡ ಸಾಲು. ವಾಪಸ್ ಬರುವಷ್ಟರಲ್ಲಿ ನಾನು ಕಣ್ಣಿಟ್ಟಿದ್ದ ಹಾರುಮೀನಿನ ಕೆತ್ತನೆ ಬೇರೆಯವರ ಕೈ ಸೇರಿತ್ತು. ಒಂದು, ಐದು, ಹತ್ತು, ಇಪ್ಪತ್ತರ ನೋಟುಗಳನ್ನು ಮನೆಯಿಂದ ಹೊರಡುವಾಗಲೇ ಜೋಡಿಸಿಕೊಳ್ಳಿ.

ಬೈನಾಕ್ಯುಲರ್ ತೆಗೆದುಕೊಂಡು ಹೋಗಿ. ಏಳೋ ಎಂಟೋ ಪಟ್ಟು ದೊಡ್ಡದಾಗಿ ತೋರಿಸುವುದು ಸಾಕು. ಅದಕ್ಕಿಂತ ಜಾಸ್ತಿ ಆದರೆ ಹಡಗಿನ ಅಲುಗಾಟಕ್ಕೆ ಏನೂ ನೆಟ್ಟಗೆ ಕಾಣುವುದಿಲ್ಲ. ಗಲ್ಲಕ್ಕೆ ದಾರ ಕಟ್ಟುವ ಟೋಪಿ ಬೇಕು, ಡೆಕ್ಕಿನ ಗಾಳಿಗೆ ಸಾದಾ ಟೋಪಿ ನಿಲ್ಲುವುದಿಲ್ಲ. ಸನ್‌ಸ್ಕ್ರೀನ್ ಮರೆಯಬೇಡಿ. ಈ ಕ್ರೂಸ್‌ಗಳು ಹೆಚ್ಚಾಗಿ ನಡೆಯುವುದು ಅಲ್ಲಿನ ಬೇಸಿಗೆಯಲ್ಲಿ, ಅಂದರೆ ನಮ್ಮ ಚಳಿಗಾಲದಲ್ಲಿ. ಪಿಟ್‌ಕೇರ್ನ್ ಇರುವುದು 25 ಡಿಗ್ರಿ ದಕ್ಷಿಣಕ್ಕೆ. ಡಿಸೆಂಬರ್ ಕೊನೆಯಲ್ಲಿ ನಡುಮಧ್ಯಾಹ್ನ ಸೂರ್ಯ ಹೆಚ್ಚುಕಡಿಮೆ ನೆತ್ತಿಯ ಮೇಲೇ ಇರುತ್ತಾನೆ.

ಸಮುದ್ರದಲ್ಲಿ ತಲೆಸುತ್ತು, ವಾಂತಿ ಆಗುವವರು ಡಾಕ್ಟರ್ ಹೇಳಿದ ಮಾತ್ರೆಯನ್ನು ತೊಂದರೆ ಶುರುವಾಗುವ ಮೊದಲೇ ತೆಗೆದುಕೊಳ್ಳಿ. ಶುಂಠಿ ಬೆಲ್ಲದ ತುಂಡು ಬಾಯಲ್ಲಿರಲಿ. ಹಡಗಿನ ಮಧ್ಯಭಾಗದ ಕೆಳಗಿನ ಮಹಡಿಯ ಕ್ಯಾಬಿನ್ನಿನಲ್ಲಿ ಕುಲುಕಾಟ ಕಡಿಮೆ. ಸಸ್ಯಾಹಾರಿಗಳು ಊಟದ ವಿಷಯವನ್ನು ಬುಕ್ ಮಾಡುವಾಗಲೇ ಬರೆದು ತಿಳಿಸಿ, ಹತ್ತಿದ ಮೇಲೆ ಮೊದಲ ದಿನವೇ ಮತ್ತೊಮ್ಮೆ ನೆನಪಿಸಿ.

ದ್ವೀಪದವರಿಗೆ ಏನಾದರೂ ಕೊಡಬೇಕು ಅನಿಸುವುದು ನಮ್ಮವರಿಗೆ ಸಹಜ. ಆದರೆ ಹಣ್ಣು, ಬೀಜ, ಗಿಡ, ಜೇನು ಇವನ್ನು ಖಂಡಿತ ಬೇಡ. ಪಿಟ್‌ಕೇರ್ನ್‌ನ ಜೇನುನೊಣಗಳಿಗೆ ಬೇರೆ ಕಡೆಯ ರೋಗಗಳು ತಗುಲಿಲ್ಲ. ಆ ಜೇನು ಅವರ ಆದಾಯದ ಒಂದು ದಾರಿ. ಹೊರಗಿನಿಂದ ಬಂದ ಒಂದು ಬಾಟಲಿ ಜೇನು ಅದನ್ನೆಲ್ಲ ಹಾಳು ಮಾಡಬಲ್ಲದು.

ಹಿಂದಿನ ದಿನ: ಕಥೆ ತಿಳಿದುಕೊಳ್ಳಿ

ಹಡಗಿನಲ್ಲಿ ಈ ದ್ವೀಪದ ಬಗ್ಗೆ ಉಪನ್ಯಾಸ ಇದ್ದರೆ ತಪ್ಪಿಸಬೇಡಿ. ಇಲ್ಲದಿದ್ದರೆ ಇಷ್ಟಾದರೂ ಗೊತ್ತಿರಲಿ.

ಈ ಕಥೆ ಶುರುವಾಗುವುದು ಜೀಗುಜ್ಜೆಯಿಂದ. ಹೌದು, ನಮ್ಮ ಕರಾವಳಿಯಲ್ಲಿ ಪೋಡಿ, ಪಲ್ಯ, ಹುಳಿ ಮಾಡುವ ಅದೇ ಜೀಗುಜ್ಜೆ, ದೀವಿ ಹಲಸು. ವೆಸ್ಟ್ ಇಂಡೀಸ್‌ನ ತೋಟಗಳಲ್ಲಿ ಗುಲಾಮರಾಗಿ ದುಡಿಯುತ್ತಿದ್ದವರಿಗೆ ಅಗ್ಗದ ಊಟವಾಗುತ್ತದೆ ಎಂದು ಬ್ರಿಟಿಷರು ಟಹೀಟಿಯಿಂದ ಜೀಗುಜ್ಜೆ ಸಸಿಗಳನ್ನು ಸಾಗಿಸಲು ಬೌಂಟಿ ಎಂಬ ಹಡಗನ್ನು ಕಳಿಸಿದರು. ಅದರ ಮುಖ್ಯಸ್ಥ ವಿಲಿಯಂ ಬ್ಲೈ. ಸಾವಿರಕ್ಕೂ ಜಾಸ್ತಿ ಸಸಿ ತುಂಬಿಕೊಂಡು ಹೊರಟ ಹಡಗಿನಲ್ಲಿ 1789ರ ಏಪ್ರಿಲ್ 28ರಂದು ಟೋಂಗಾ ದ್ವೀಪಗಳ ಹತ್ತಿರ ದಂಗೆ ಆಯಿತು. ಮುಂದೆ ನಿಂತವನು ಫ್ಲೆಚರ್ ಕ್ರಿಶ್ಚಿಯನ್. ಬ್ಲೈಯನ್ನೂ ಅವನ ಕಡೆಯ 18 ಜನರನ್ನೂ ಒಂದು ತೆರೆದ ದೋಣಿಗೆ ಇಳಿಸಿದರು. ಸಸಿಗಳನ್ನು ಸಮುದ್ರಕ್ಕೆ ಎಸೆದರು. ಬ್ಲೈ ಆ ದೋಣಿಯಲ್ಲೇ ಆರು ಸಾವಿರಕ್ಕೂ ಜಾಸ್ತಿ ಕಿ.ಮೀ. ದಾಟಿ ಟಿಮೋರ್ ಸೇರಿದ. ಆಮೇಲೆ ಇನ್ನೊಂದು ಹಡಗಿನಲ್ಲಿ ಬಂದು ಸಸಿಗಳನ್ನು ಕೊನೆಗೂ ವೆಸ್ಟ್ ಇಂಡೀಸ್‌ಗೆ ತಲುಪಿಸಿದ.

ದಂಗೆ ಎದ್ದವರಿಗೆ ಸಿಕ್ಕಿಬಿದ್ದರೆ ನೇಣು. ಅಡಗಲು ಜಾಗ ಬೇಕಿತ್ತು. ಪಿಟ್‌ಕೇರ್ನ್ ಅನ್ನು 1767ರಲ್ಲೇ ಫಿಲಿಪ್ ಕಾರ್ಟರೆಟ್ ಎಂಬ ನಾವಿಕನ ಹಡಗು ಕಂಡಿತ್ತು. ಆದರೆ ನಕ್ಷೆಯಲ್ಲಿ ಅದನ್ನು ನಿಜವಾದ ಜಾಗಕ್ಕಿಂತ 300 ಕಿ.ಮೀ.ಗೂ ಜಾಸ್ತಿ ದೂರದಲ್ಲಿ ಗುರುತು ಹಾಕಿದ್ದರು. ಆ ತಪ್ಪೇ ಇವರನ್ನು ಕಾಪಾಡಿತು. 1790ರ ಜನವರಿಯಲ್ಲಿ ಒಂಬತ್ತು ಜನ ದಂಗೆಕೋರರು ಟಹೀಟಿ ಕಡೆಯ ಗಂಡಸರು, ಹೆಂಗಸರ ಜೊತೆ ಇಲ್ಲಿ ಇಳಿದರು. ಆ ಹೆಂಗಸರಲ್ಲಿ ಎಲ್ಲರೂ ಮನಸಾರೆ ಬಂದವರಲ್ಲ. ಜನವರಿ 23ರಂದು ಬೌಂಟಿಗೆ ಬೆಂಕಿ ಇಟ್ಟರು. ಈಗಲೂ ಪ್ರತಿ ವರ್ಷ ಆ ದಿನ ದ್ವೀಪದವರು ಹಡಗಿನ ಮಾದರಿಯೊಂದನ್ನು ಸುಡುತ್ತಾರೆ.

ಮುಂದಿನ ವರ್ಷಗಳು ಶಾಂತವಾಗಿರಲಿಲ್ಲ. ನೆಲಕ್ಕಾಗಿ, ಹೆಂಗಸರಿಗಾಗಿ ಕೊಲೆಗಳಾದವು. 1808ರಲ್ಲಿ ಅಮೆರಿಕದ ಒಂದು ಹಡಗು ಅಕಸ್ಮಾತ್ ಇಲ್ಲಿಗೆ ಬಂದಾಗ ದಂಗೆಕೋರರಲ್ಲಿ ಬದುಕಿದ್ದವನು ಜಾನ್ ಆಡಮ್ಸ್ ಒಬ್ಬನೇ. ಜೊತೆಗೆ ಆ ಹೆಂಗಸರು, ಮಕ್ಕಳು. ಈಗ ಊರಿಗೆ ಇರುವುದು ಅವನ ಹೆಸರು. ಆದರೆ ಈ ಸಂಸಾರಗಳನ್ನು ಕಟ್ಟಿ ನಿಲ್ಲಿಸಿದವರು ಆ ಟಹೀಟಿ ತಾಯಂದಿರು. ನಾರುಬಟ್ಟೆ ಕುಟ್ಟುವುದು, ನೆಲದಲ್ಲಿ ಒಲೆ ತೋಡಿ ಬೇಯಿಸುವುದು, ಬುಟ್ಟಿ ಹೆಣೆಯುವುದು ಎಲ್ಲ ಅವರಿಂದ ಬಂದದ್ದು. 1838ರಲ್ಲಿ ಬರೆದ ಇಲ್ಲಿನ ಕಾನೂನಿನಲ್ಲೇ ಹೆಂಗಸರಿಗೂ ಮತ ಹಾಕುವ ಹಕ್ಕು ಸಿಕ್ಕಿತ್ತು. ಬ್ರಿಟನ್ನಿನಲ್ಲಿ ಹೆಂಗಸರಿಗೆ ಅದು ಸಿಗಲು ಇನ್ನೂ 80 ವರ್ಷ ಬೇಕಾಯಿತು.

ಬೆಳಗ್ಗೆ: ಎಷ್ಟು ಹೊತ್ತಿಗೆ ಏಳಬೇಕು

ಹಡಗು ಎಷ್ಟು ಹೊತ್ತಿಗೆ ದ್ವೀಪ ಸೇರುತ್ತದೆ ಎಂದು ಹಿಂದಿನ ರಾತ್ರಿಯೇ ಕೇಳಿ. ಅದಕ್ಕಿಂತ ಎರಡು ಗಂಟೆ ಮೊದಲು ಮುಂಭಾಗದ ಡೆಕ್ಕಿನಲ್ಲಿ ಇರಿ. ದ್ವೀಪದ ತುದಿ ಸಮುದ್ರದಿಂದ 347 ಮೀಟರ್ ಎತ್ತರ ಇದೆ. ಆಕಾಶ ತಿಳಿಯಾಗಿದ್ದರೆ ಎತ್ತರದ ಡೆಕ್ಕಿನಿಂದ 70–80 ಕಿ.ಮೀ. ದೂರದಲ್ಲೇ ಕಾಣಲು ಶುರುವಾಗುತ್ತದೆ.

ಮೊದಲು ಕಾಣುವುದು ದ್ವೀಪವಲ್ಲ, ಅದರ ಮೇಲಿನ ಮೋಡ. ನೀರಿನ ಗೆರೆಯ ಮೇಲೆ ಬೇರೆಲ್ಲೂ ಇಲ್ಲದ ಒಂದು ಮೋಡ ಕದಲದೆ ನಿಂತಿರುತ್ತದೆ. ಅದರ ಕೆಳಗೆ ಬೂದು ಬಣ್ಣದ ಒಂದು ಚುಕ್ಕೆ. ಅರ್ಧ ಗಂಟೆ ಕಳೆದರೆ ಚುಕ್ಕೆಗೆ ಭುಜ, ಬೆನ್ನು ಮೂಡುತ್ತದೆ. ಆಮೇಲೆ ಹಸಿರು. ದಿನಗಟ್ಟಲೆ ಬರೀ ನೀರು ನೋಡಿದ ಕಣ್ಣಿಗೆ ಆ ಹಸಿರು ಎಷ್ಟು ಹಿತ ಎಂದು ಹೇಳಲಾರೆ. ಸಮುದ್ರದ ಹಕ್ಕಿಗಳು ಅಷ್ಟು ಹೊತ್ತಿಗೆ ಹಡಗಿನ ಸುತ್ತ ಬಂದಿರುತ್ತವೆ. ಕೆಂಪು ದಾರದಂಥ ಉದ್ದ ಬಾಲದ ಬಿಳಿ ಹಕ್ಕಿ ಕಂಡರೆ ಅದು ಟ್ರಾಪಿಕ್‌ಬರ್ಡ್.

ಮನೆಗೆ ಫೋನ್ ಮಾಡುವ ಯೋಚನೆ ಇದ್ದರೆ ಒಂದು ಲೆಕ್ಕ. ಪಿಟ್‌ಕೇರ್ನ್ ಸಮಯ ಭಾರತಕ್ಕಿಂತ ಹದಿಮೂರೂವರೆ ಗಂಟೆ ಹಿಂದೆ. ಅಲ್ಲಿ ಬೆಳಗ್ಗೆ ಎಂಟು ಅಂದರೆ ನಮ್ಮಲ್ಲಿ ಅದೇ ದಿನ ರಾತ್ರಿ ಒಂಬತ್ತೂವರೆ. ಹಡಗಿನ ಗಡಿಯಾರ ಬೇರೆ ಇರಬಹುದು, ನೋಡಿಕೊಳ್ಳಿ.

ತಿಂಡಿ ಬೇಗ ಮುಗಿಸಿ. ಒಮ್ಮೆ ದೋಣಿ ಬಂದ ಮೇಲೆ ಊಟದ ನೆನಪು ಬರುವುದಿಲ್ಲ.

ದೋಣಿ ಬರುವಾಗ ರೇಲಿಂಗ್ ಹತ್ತಿರ ಇರಿ

ಹಡಗು ಲಂಗರು ಹಾಕುವುದಿಲ್ಲ. ಗಾಳಿಗೆ ಮರೆಯಾದ ಕಡೆ ನಿಧಾನಕ್ಕೆ ತೇಲುತ್ತಾ ನಿಲ್ಲುತ್ತದೆ. ಬೌಂಟಿ ಬೇ ಕಡೆಯಿಂದ ಲಾಂಗ್‌ಬೋಟ್ ಬರುತ್ತದೆ. ಹಿಂದೆ ಇವು ಮರದವು, ಹುಟ್ಟು ಹಾಕಿ ನಡೆಸುತ್ತಿದ್ದರು. ಈಗಿನವು ಅಲ್ಯುಮಿನಿಯಂ, ಡೀಸೆಲ್ ಎಂಜಿನ್ ಇರುವವು. ಮೇಲಿನಿಂದ ನೋಡಿದರೆ ಕಡ್ಡಿಪೆಟ್ಟಿಗೆಯಷ್ಟು ಕಾಣುತ್ತದೆ. ಅದರಲ್ಲಿ ಅಜ್ಜಂದಿರು, ಅಜ್ಜಿಯರು, ಹರೆಯದವರು, ಮಧ್ಯೆ ಪ್ಲಾಸ್ಟಿಕ್ ಡಬ್ಬಿಗಳ ರಾಶಿ.

ಹತ್ತುವುದನ್ನು ಗಮನವಿಟ್ಟು ನೋಡಿ. ಹಡಗಿನ ಬದಿಯಲ್ಲಿ ನೀರಿಗೆ ಹತ್ತಿರದ ಒಂದು ಬಾಗಿಲು ತೆರೆದು ಹಗ್ಗದ ಏಣಿ ಬಿಡುತ್ತಾರೆ. ದೋಣಿ ಅಲೆಯ ಜೊತೆ ಏರುತ್ತದೆ, ಇಳಿಯುತ್ತದೆ. ಏರಿದ ಆ ಒಂದು ಗಳಿಗೆಯಲ್ಲಿ ಏಣಿ ಹಿಡಿದು ಕಾಲಿಡಬೇಕು. ತಡವಾದರೆ ದೋಣಿ ಕಾಲಿನ ಕೆಳಗಿಂದ ಜಾರಿಹೋಗುತ್ತದೆ. ತಲೆ ನರೆತ ಒಬ್ಬ ಹೆಂಗಸು ಹೆಗಲಿಗೆ ಚೀಲ ಹಾಕಿಕೊಂಡು, ಒಂದು ಕೈಯಲ್ಲಿ ಹಗ್ಗ ಹಿಡಿದು, ಅಲೆ ಏರುವುದನ್ನೇ ಕಾದು, ಸೋಪಾನ ಹತ್ತಿದಷ್ಟು ಸಲೀಸಾಗಿ ಹತ್ತಿಬಿಟ್ಟರು. ನಾನು ಉಸಿರು ಬಿಗಿಹಿಡಿದು ನೋಡುತ್ತಿದ್ದೆ. ಅವರಿಗೆ ಅದು ಸಂತೆಗೆ ಹೋಗುವ ದಾರಿ.

ಅಲೆ ಜೋರಾಗಿದ್ದರೆ ಕ್ಯಾಪ್ಟನ್ ಬೇಡ ಎನ್ನಬಹುದು. ದೋಣಿಯೇ ಬರದ ದಿನವೂ ಇರುತ್ತದೆ. ಇದನ್ನು ಮೊದಲೇ ಮನಸ್ಸಿನಲ್ಲಿ ಇಟ್ಟುಕೊಂಡಿರಿ. ಹಡಗಿನ ಸಿಬ್ಬಂದಿಯ ಮೇಲೆ ರೇಗಿ ಪ್ರಯೋಜನವಿಲ್ಲ.

ನಿಮಗೆ ನೆಗಡಿ, ಕೆಮ್ಮು, ಜ್ವರ ಇದ್ದರೆ ಮಾತ್ರ ಒಂದು ಕಳಕಳಿಯ ವಿನಂತಿ. ದ್ವೀಪದವರಿಂದ ದೂರ ಇರಿ, ಮಾಸ್ಕ್ ಹಾಕಿ. ಐವತ್ತು ಜನರ ಊರಿನಲ್ಲಿ ಒಂದು ಜ್ವರ ಹಬ್ಬಿದರೆ ದೋಣಿ ನಡೆಸುವವರೂ ಉಳಿಯುವುದಿಲ್ಲ.

ಡೆಕ್ಕಿನ ಸಂತೆ

ಈಜುಕೊಳದ ಸುತ್ತ ಅಥವಾ ದೊಡ್ಡ ಹಾಲಿನಲ್ಲಿ ಮೇಜು ಹಾಕುತ್ತಾರೆ. ಡಬ್ಬಿಗಳು ತೆರೆಯುತ್ತವೆ. ಅರ್ಧ ಗಂಟೆಯಲ್ಲಿ ಅಲ್ಲೊಂದು ಸಂತೆ ಸಿದ್ಧ. ಮೊದಲ ಹದಿನೈದು ನಿಮಿಷ ಕಾಲಿಡಲು ಜಾಗ ಇರುವುದಿಲ್ಲ. ಒಂದು ವಸ್ತು ಬೇಕೇ ಬೇಕು ಎಂದಿದ್ದರೆ ಆಗಲೇ ಹೋಗಿ. ಮಾತಾಡಬೇಕು ಎಂದಿದ್ದರೆ ಒಂದು ಗಂಟೆ ಕಳೆದು ಹೋಗಿ. ಆಗ ಗದ್ದಲ ಇಳಿದು ಅವರೂ ನೆಮ್ಮದಿಯಾಗಿ ಕೂತಿರುತ್ತಾರೆ.

ಮರದ ಕೆತ್ತನೆ ಇಲ್ಲಿನ ಮುಖ್ಯ ಮಾಲು. ಶಾರ್ಕ್, ಡಾಲ್ಫಿನ್, ಹಾರುಮೀನು, ಹಕ್ಕಿ, ಬೌಂಟಿ ಹಡಗಿನ ಮಾದರಿ. ಮರದ ಹೆಸರು ಮೀರೋ. ನಮ್ಮಲ್ಲಿ ಇದೇ ಮರಕ್ಕೆ ಹೂವರಸಿ ಎನ್ನುತ್ತಾರೆ, ಕೆಲವು ಕಡೆ ಬುಗುರಿ ಮರ. ಹಳದಿ ಹೂವು ಬಿಡುವ, ಬೇಲಿ ಬದಿಯಲ್ಲಿ, ಕೆರೆ ದಂಡೆಯಲ್ಲಿ ಬೆಳೆಯುವ ಮರ ಇದೆಯಲ್ಲ, ಅದೇ. ಪಿಟ್‌ಕೇರ್ನ್‌ನಲ್ಲಿ ಮರ ಕಡಿಮೆಯಾಗಿರುವುದರಿಂದ ಸುಮಾರು 200 ಕಿ.ಮೀ. ದೂರದ ಹೆಂಡರ್ಸನ್ ದ್ವೀಪಕ್ಕೆ ಹೋಗಿ ಕಡಿದು ತರುತ್ತಾರೆ. ಆ ದ್ವೀಪ 1988ರಿಂದ ವಿಶ್ವ ಪರಂಪರೆಯ ತಾಣ.

ಕೆತ್ತನೆಯನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿಯಿರಿ. ಮೀರೋ ಮರದ ತಿರುಳು ಕೆಂಪು ಮಿಶ್ರಿತ ಕಂದು, ಹೊರಭಾಗ ಕೆನೆಬಣ್ಣ. ಕೈ ಪಳಗಿದವರು ಈ ಎರಡೂ ಬಣ್ಣ ಬರುವ ಹಾಗೆ ತುಂಡು ಆರಿಸುತ್ತಾರೆ. ನಾನು ಕೊಂಡ ಡಾಲ್ಫಿನ್ನಿನ ಬೆನ್ನು ಕಂದು, ಹೊಟ್ಟೆ ಬಿಳಿಚು. ಬಣ್ಣ ಬಳಿದದ್ದಲ್ಲ, ಮರವೇ ಹಾಗೆ. ರೆಕ್ಕೆಯ ಅಂಚು ಉಗುರಿನಷ್ಟು ತೆಳು. ತಿರುಗಿಸಿ ನೋಡಿದರೆ ಅಡಿಯಲ್ಲಿ ಕೆತ್ತಿದವರ ಸಹಿ. ನಿಮ್ಮ ಮುಂದೆ ಕೂತವರೇ ಅದನ್ನು ಕೆತ್ತಿದವರು ಆಗಿರುವುದು ಹೆಚ್ಚು. ಕೇಳಿ. ಯಾವ ಮರ, ಎಷ್ಟು ದಿನ ಹಿಡಿಯಿತು, ರೆಕ್ಕೆ ಮುರಿಯದ ಹಾಗೆ ಹೇಗೆ ಉಜ್ಜಿದರು ಎಂದು ಕೇಳಿದರೆ ಮುಖ ಅರಳುತ್ತದೆ.

ಚೌಕಾಸಿ ಬೇಡ. ನಮ್ಮ ಸಂತೆಯ ಅಭ್ಯಾಸ ಇಲ್ಲಿಗೆ ಹೊಂದುವುದಿಲ್ಲ. ಮುಂದಿನ ಹಡಗು ಯಾವಾಗ ಬರುತ್ತದೋ, ಬಂದರೂ ಅಲೆ ಬಿಡುತ್ತದೋ ಯಾರಿಗೂ ಖಾತ್ರಿ ಇಲ್ಲ. ಇಷ್ಟವಾದರೆ ಹೇಳಿದ ಬೆಲೆ ಕೊಡಿ.

ಬುಟ್ಟಿಗಳನ್ನೂ ನೋಡಿ. ಕೇದಗೆ ಜಾತಿಯ ಎಲೆಯನ್ನು ಒಣಗಿಸಿ, ಸೀಳಿ ಹೆಣೆದದ್ದು. ನಾವು ಮೂಡೆ ಕಟ್ಟಲು ಬಳಸುವ ಮುಂಡೇವಿನ ಎಲೆಯ ನೆಂಟ. ಒಬ್ಬ ಅಜ್ಜಿಗೆ ಫೋನಿನಲ್ಲಿದ್ದ ಮೂಡೆಯ ಫೋಟೋ ತೋರಿಸಿದೆ. ಅವರು ಎರಡು ಬೆರಳಿನಿಂದ ದೊಡ್ಡದು ಮಾಡಿ, ಎಲೆ ಸುತ್ತಿದ ರೀತಿಯನ್ನು ನೋಡಿ, 'ಮುಳ್ಳು ತೆಗೆದು, ಬೆಂಕಿಗೆ ಬಾಡಿಸುತ್ತೀರಾ?' ಎಂದು ಕೇಳಿದರು. ಹೌದು ಎಂದೆ. ಆಮೇಲೆ ಒಳಗೆ ಏನು ತುಂಬುತ್ತೀರಿ, ಎಷ್ಟು ಹೊತ್ತು ಬೇಯಿಸುತ್ತೀರಿ ಎಂದು ವಿಚಾರಣೆ. ಅವರಲ್ಲೂ ಬಾಳೆಕಾಯಿ, ಸಿಹಿಗೆಣಸು, ಕುಂಬಳಕಾಯಿ ತುರಿದು ಬೇಯಿಸುವ ಪಿಲ್ಹಿ ಎಂಬ ತಿಂಡಿ ಇದೆ, ಹಿಂದೆ ಅದನ್ನು ಬಾಳೆಲೆಯಲ್ಲಿ ಸುತ್ತಿ ಬೇಯಿಸುತ್ತಿದ್ದರು. ಊರಿನ ಹಿತ್ತಲು, ಅಡುಗೆಮನೆಯ ನಾಲ್ಕು ಫೋಟೋ ಫೋನಿನಲ್ಲಿ ಇಟ್ಟುಕೊಳ್ಳಿ. ತೆಂಗು, ಬಾಳೆ, ಕೆಸು, ಜೀಗುಜ್ಜೆ ಅವರಿಗೂ ಮನೆಯ ಗಿಡಗಳೇ. ಬೇರೆ ಪರಿಚಯವೇ ಬೇಡ.

ಮಾತು ಇಂಗ್ಲಿಷಿನಲ್ಲಿ ನಡೆಯುತ್ತದೆ. ತಮ್ಮತಮ್ಮಲ್ಲಿ ಅವರು ಪಿಟ್‌ಕರ್ನ್ ಮಾತಾಡುತ್ತಾರೆ. 18ನೇ ಶತಮಾನದ ನಾವಿಕರ ಇಂಗ್ಲಿಷು ಮತ್ತು ಟಹೀಟಿ ಮಾತು ಬೆರೆತ ಭಾಷೆ ಅದು. ಕ್ರಿಶ್ಚಿಯನ್, ಯಂಗ್ ಎಂಬ ಮನೆತನದ ಹೆಸರುಗಳನ್ನು ಕೇಳುತ್ತೀರಿ. ಬೌಂಟಿಯಲ್ಲಿ ಬಂದವರ ಹೆಸರುಗಳೇ ಅವು. ಆದರೆ ಮೊದಲ ಮಾತಿಗೇ ನಿಮ್ಮ ಪೂರ್ವಜರು ಕೊಲೆ ಮಾಡಿದ್ದರಂತೆ ಹೌದಾ ಎಂದು ಕೇಳಬೇಡಿ. 2004ರಲ್ಲಿ ಲೈಂಗಿಕ ದೌರ್ಜನ್ಯದ ಪ್ರಕರಣಗಳಲ್ಲಿ ಇಲ್ಲಿನ ಕೆಲವು ಗಂಡಸರಿಗೆ ಶಿಕ್ಷೆಯಾಯಿತು. ಇಷ್ಟು ಸಣ್ಣ ಊರಿನಲ್ಲಿ ಆ ನೋವು ಮುಟ್ಟದ ಮನೆ ಇರಲಾರದು. ತಿಳಿದಿರಲಿ, ಕೆದಕುವುದು ಬೇಡ. ಫೋಟೋ ತೆಗೆಯುವ ಮೊದಲು ಕೇಳಿ.

ಅಂಚೆಚೀಟಿ ಇನ್ನೊಂದು ಒಳ್ಳೆಯ ನೆನಪು. ಪಿಟ್‌ಕೇರ್ನ್ ತನ್ನದೇ ಚೀಟಿ ತಂದದ್ದು 1940ರಲ್ಲಿ. ಪ್ರಪಂಚದ ಸಂಗ್ರಾಹಕರು ಕೊಂಡು ಕೊಂಡು ಆ ದುಡ್ಡಿನಲ್ಲಿ ಊರಿಗೆ ಶಾಲೆಯೇ ಬಂತು. ಪೋಸ್ಟ್‌ಕಾರ್ಡ್ ಬರೆದು ಅಲ್ಲೇ ಕೊಟ್ಟರೆ ದ್ವೀಪದ ಮುದ್ರೆ ಬಿದ್ದು ಮನೆಗೆ ಬರುತ್ತದೆ. ಸಾಮಾನಿನ ಹಡಗಿಗೆ ಕಾಯಬೇಕು, ತಿಂಗಳುಗಳು ಹಿಡಿಯುತ್ತವೆ. ವಿಳಾಸವನ್ನು ಇಂಗ್ಲಿಷಿನಲ್ಲಿ, ಪಿನ್‌ಕೋಡ್ ಸಮೇತ, 'ಇಂಡಿಯಾ' ಎಂದು ದೊಡ್ಡದಾಗಿ ಬರೆಯಿರಿ. ಹಿಂದಿನ ರಾತ್ರಿಯೇ ಬರೆದಿಟ್ಟರೆ ಒಳ್ಳೆಯದು.

ನಿಮ್ಮ ಹಡಗು ಶನಿವಾರ ಬರುವುದಾದರೆ ಮೊದಲೇ ವಿಚಾರಿಸಿ. 1880ರ ದಶಕದಿಂದ ದ್ವೀಪದವರು ಸೆವೆಂತ್‌ ಡೇ ಅಡ್ವೆಂಟಿಸ್ಟ್ ಎಂಬ ಕ್ರೈಸ್ತ ಪಂಥಕ್ಕೆ ಸೇರಿದವರು, ಅವರಿಗೆ ಶನಿವಾರ ವಿಶ್ರಾಂತಿಯ ದಿನ. ಈಗ ಎಲ್ಲರೂ ಅಷ್ಟು ಕಟ್ಟುನಿಟ್ಟಾಗಿ ಪಾಲಿಸುವುದಿಲ್ಲ. ಆದರೂ ಆ ದಿನ ವ್ಯಾಪಾರ ಮಾಡಲೊಪ್ಪದವರು ಇದ್ದರೆ ಗೌರವಿಸಿ.

ದ್ವೀಪಕ್ಕೆ ಒಂದು ಸುತ್ತು

ಸಂತೆ ನಡೆಯುವಾಗಲೋ ಮುಗಿದ ಮೇಲೋ ಹಡಗು ದ್ವೀಪವನ್ನು ಸುತ್ತುತ್ತದೆ. ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಸುತ್ತಿದರೆ ದ್ವೀಪ ನಿಮ್ಮ ಬಲಗಡೆ ಇರುತ್ತದೆ, ಉಲ್ಟಾ ಸುತ್ತಿದರೆ ಎಡಗಡೆ. ಯಾವ ಕಡೆ ಎಂದು ಸಿಬ್ಬಂದಿಯನ್ನು ಕೇಳಿಕೊಂಡು ಜಾಗ ಹಿಡಿಯಿರಿ.

ಈಶಾನ್ಯಕ್ಕೆ ಬೌಂಟಿ ಬೇ. ಧಕ್ಕೆ, ದೋಣಿಮನೆ, ಅಲ್ಲಿಂದ ಊರಿಗೆ ಏರುವ ಕಡಿದಾದ ರಸ್ತೆ ಕಾಣುತ್ತದೆ. ಆ ಏರಿನ ಹೆಸರೇ 'ಹಿಲ್ ಆಫ್ ಡಿಫಿಕಲ್ಟಿ', ಕಷ್ಟದ ಗುಡ್ಡ. ಸುಟ್ಟ ಬೌಂಟಿಯ ಅವಶೇಷ ಇರುವುದು ಈ ಕೊಲ್ಲಿಯ ನೀರಿನ ಕೆಳಗೇ. ಪೂರ್ವದ ತುದಿಗೆ ಸೇಂಟ್ ಪಾಲ್ಸ್, ಚೂಪು ಬಂಡೆಗಳ ಮಧ್ಯೆ ಅಲೆ ಸಿಡಿಯುತ್ತಿರುತ್ತದೆ. ಅದನ್ನು ದಾಟಿದರೆ ಡೌನ್ ರೋಪ್, ಅಂದರೆ ಹಗ್ಗ ಹಿಡಿದು ಇಳಿಯುವ ಜಾಗ. ಎತ್ತರದ ಬಂಡೆಗೋಡೆಯ ಬುಡದಲ್ಲಿ ಸಣ್ಣ ಮರಳಿನ ದಂಡೆ. ಅಲ್ಲಿನ ಬಂಡೆಯ ಮೇಲೆ ದಂಗೆಕೋರರಿಗಿಂತ ಎಷ್ಟೋ ಮೊದಲು ಇಲ್ಲಿ ಬಾಳಿದ ಪಾಲಿನೇಷ್ಯನ್ನರು ಕೊರೆದ ಚಿತ್ರಗಳಿವೆ. ಹಡಗಿನಿಂದ ಚಿತ್ರ ಕಾಣುವುದಿಲ್ಲ, ಗೋಡೆ ಕಾಣುತ್ತದೆ.

ಉತ್ತರದ ಕಡೆ ಬಂದಾಗ ಆಡಮ್ಸ್‌ಟೌನಿನ ಮನೆಗಳ ಮೇಲೆ, ಬಂಡೆಯ ಮುಖದಲ್ಲಿ ಕಪ್ಪು ಬಾಯಿ ತೆರೆದ ಒಂದು ಗುಹೆ ಹುಡುಕಿ. ಅದು ಕ್ರಿಶ್ಚಿಯನ್ನನ ಗುಹೆ. ಯಾವುದಾದರೂ ಹಡಗು ಹುಡುಕಿಕೊಂಡು ಬಂತೇ ಎಂದು ಅವನು ಅಲ್ಲಿ ಕೂತು ಸಮುದ್ರ ನೋಡುತ್ತಿದ್ದ ಎಂದು ಹೇಳುತ್ತಾರೆ.

ಇಲ್ಲಿನ ಜಾಗಗಳ ಹೆಸರುಗಳನ್ನು ನಕ್ಷೆಯಲ್ಲಿ ಓದುತ್ತಾ ಹೋಗಿ. 'ವೇರ್ ಡಾನ್ ಫಾಲ್', ಡಾನ್ ಬಿದ್ದ ಜಾಗ. 'ಜಾನಿ ಫಾಲ್', ಜಾನಿ ಬಿದ್ದದ್ದು. 'ಓ ಡಿಯರ್', ಅಯ್ಯೋ ದೇವರೇ. 'ಬ್ಯಾಂಗ್ ಆನ್ ಐರನ್', ಕಬ್ಬಿಣ ಬಡಿಯುತ್ತಿದ್ದ ಕುಲುಮೆಯ ಜಾಗ. ಯಾರೋ ಮೊಟ್ಟೆ ಹುಡುಕಲು, ಆಡು ಹಿಡಿಯಲು, ಮೀನಿಗೆ ಹೋಗಿ ಕಾಲು ಜಾರಿದ ಕಡೆಗೆಲ್ಲ ಇಲ್ಲಿ ಹೆಸರು ಉಳಿದಿದೆ.

ಫೋಟೋ ತೆಗೆಯುವವರಿಗೆ ಒಂದು ಮಾತು. ನೆತ್ತಿಯ ಮೇಲೇ ಬರುವ ಡಿಸೆಂಬರ್ ಆಸುಪಾಸಿನ ದಿನಗಳನ್ನು ಬಿಟ್ಟರೆ ಇಲ್ಲಿ ನಡುಹಗಲ ಸೂರ್ಯ ಉತ್ತರದ ಆಕಾಶದಲ್ಲಿ ಇರುತ್ತಾನೆ. ಹಾಗಾಗಿ ಊರಿರುವ ಉತ್ತರದ ಇಳಿಜಾರಿಗೆ ಒಳ್ಳೆ ಬೆಳಕು, ದಕ್ಷಿಣದ ಬಂಡೆಗಳು ಹೆಚ್ಚಾಗಿ ನೆರಳಲ್ಲಿ. ಚಿತ್ರ ಉತ್ತರದಿಂದಲೇ ಚೆನ್ನ. ಆದರೆ ಹತ್ತು ಚಿತ್ರ ಸಾಕು. ಉಳಿದ ಹೊತ್ತು ಕ್ಯಾಮೆರಾ ಕೆಳಗಿಟ್ಟು ಮೇಜಿನ ಹತ್ತಿರ ಹೋಗಿ ಅವರ ಜೊತೆ ಕೂತುಕೊಳ್ಳಿ. ಗುಡ್ಡ ಅಲ್ಲೇ ಇರುತ್ತದೆ, ಅವರು ಇನ್ನು ಒಂದೆರಡು ಗಂಟೆಯಲ್ಲಿ ಹೊರಡುತ್ತಾರೆ.

ಹೊರಡುವ ಹೊತ್ತು

ಮೈಕಿನಲ್ಲಿ ಹೇಳಿದ ಕೂಡಲೇ ಡಬ್ಬಿಗಳು ಮುಚ್ಚಿಕೊಳ್ಳುತ್ತವೆ. ಹೊರಡುವ ಮೊದಲು ಅವರು ಹಾಡುವ ಸಂಪ್ರದಾಯ ಇದೆ. ಕೆಲವೊಮ್ಮೆ ಡೆಕ್ಕಿನ ಮೇಲೆ, ಕೆಲವೊಮ್ಮೆ ದೋಣಿಗೆ ಇಳಿದ ಮೇಲೆ. ಬೀಳ್ಕೊಡುಗೆಯ ಹಾಡು. ವಾದ್ಯ ಇಲ್ಲ, ಎಲ್ಲ ದನಿಗಳೂ ಒಟ್ಟಿಗೆ. ಅವರು ಯಾವ ಬಾಗಿಲಿನಿಂದ ಇಳಿಯುತ್ತಾರೆ ಎಂದು ಕೇಳಿಕೊಂಡು ಅದರ ನೇರ ಮೇಲಿನ ರೇಲಿಂಗ್‌ಗೆ ಬೇಗ ಹೋಗಿ. ಹಡಗು ಮೂರು ಸಲ ಕೊಂಬು ಊದುತ್ತದೆ. ದೋಣಿ ತಿರುಗಿ ಬೌಂಟಿ ಬೇ ಕಡೆ ಹೋಗುತ್ತದೆ. ಅದು ಅಲೆಯ ಮಧ್ಯೆ ಮರೆಯಾಗಿ ಮತ್ತೆ ಕಾಣುವುದನ್ನು ನೋಡುತ್ತಾ ತುಂಬಾ ಜನ ಅಲ್ಲೇ ನಿಂತಿರುತ್ತಾರೆ.

ರಾತ್ರಿ ಮಲಗುವ ಮೊದಲು

2019ರಲ್ಲಿ ಪಿಟ್‌ಕೇರ್ನ್ ದ್ವೀಪಗಳಿಗೆ ಕಗ್ಗತ್ತಲ ಆಕಾಶದ ಅಭಯಧಾಮ ಎಂಬ ಅಂತರರಾಷ್ಟ್ರೀಯ ಮಾನ್ಯತೆ ಸಿಕ್ಕಿದೆ. ಸುತ್ತಲ 8 ಲಕ್ಷ ಚದರ ಕಿ.ಮೀ.ಗೂ ಜಾಸ್ತಿ ಸಮುದ್ರ ಸಂರಕ್ಷಿತ. ಕರ್ನಾಟಕದ ನಾಲ್ಕು ಪಟ್ಟು ದೊಡ್ಡ ಕತ್ತಲು ಅದು. ಹಡಗಿನ ದೀಪಗಳು ಬೀಳದ ಮೂಲೆಯನ್ನು ಹಗಲೇ ನೋಡಿಟ್ಟುಕೊಳ್ಳಿ. ಕೆಲವು ಹಡಗಿನವರು ಕೇಳಿಕೊಂಡರೆ ಮುಂಭಾಗದ ಡೆಕ್ಕಿನ ದೀಪ ಆರಿಸುತ್ತಾರೆ. ಕಣ್ಣು ಕತ್ತಲಿಗೆ ಹೊಂದಲು ಇಪ್ಪತ್ತು ನಿಮಿಷ ಬೇಕು, ಅಲ್ಲಿವರೆಗೆ ಫೋನ್ ತೆಗೆಯಬೇಡಿ.

ನಮ್ಮೂರಲ್ಲಿ ದಕ್ಷಿಣದ ಅಂಚಿನಲ್ಲಿ ಕೆಳಗೆ ಕಾಣುವ ಅಗಸ್ತ್ಯ ನಕ್ಷತ್ರ ಇಲ್ಲಿ ತಲೆ ಎತ್ತಿ ನೋಡುವಷ್ಟು ಮೇಲಿರುತ್ತದೆ. ಓರಾಯನ್ ನಕ್ಷತ್ರಪುಂಜ ತಲೆಕೆಳಗಾಗಿ ನಿಂತಿರುತ್ತದೆ. ಎರಡು ಬಿಳಿ ಮೋಡದ ತುಣುಕುಗಳು ಕದಲದೆ ಇದ್ದರೆ ಅವು ಮೋಡವಲ್ಲ, ಮೆಗಲ್ಲನ್ ಮೋಡಗಳು ಎನ್ನುವ ಬೇರೆ ಗ್ಯಾಲಕ್ಸಿಗಳು.

ಮುಂದಿನ ಬಂದರಿನಲ್ಲಿ

ಕೊಂಡದ್ದನ್ನೆಲ್ಲ ಒಂದೇ ಚೀಲದಲ್ಲಿ ಇಟ್ಟು ಕಸ್ಟಮ್ಸ್ ಚೀಟಿಯಲ್ಲಿ ಬರೆಯಿರಿ. ಮರದ ಕೆತ್ತನೆ, ಎಲೆಯ ಬುಟ್ಟಿ, ಜೇನು ಮೂರನ್ನೂ ಬರೆಯಲೇಬೇಕು. ನ್ಯೂಜಿಲೆಂಡ್, ಆಸ್ಟ್ರೇಲಿಯಾದಲ್ಲಿ ಈ ವಿಷಯದಲ್ಲಿ ತುಂಬಾ ಕಟ್ಟುನಿಟ್ಟು. ಬರೆದು ತೋರಿಸಿದರೆ ಪರೀಕ್ಷೆ ಮಾಡುತ್ತಾರೆ, ಮುಚ್ಚಿಟ್ಟು ಸಿಕ್ಕಿದರೆ ದಂಡ. ಜೇನಿನ ನಿಯಮ ದೇಶದಿಂದ ದೇಶಕ್ಕೆ ಬೇರೆ, ಹಾಗಾಗಿ ಕೊಳ್ಳುವ ಮೊದಲೇ ಹಡಗಿನವರನ್ನು ಕೇಳಿ. ಇಲ್ಲದಿದ್ದರೆ ಹಡಗಿನಲ್ಲೇ ಬ್ರೆಡ್ಡಿಗೆ ಹಚ್ಚಿ ತಿಂದು ಮುಗಿಸಿ.

ಕೆತ್ತನೆಯ ರೆಕ್ಕೆ, ಬಾಲ ಬೇಗ ಮುರಿಯುತ್ತವೆ. ಕಾಲುಚೀಲದೊಳಗೆ ಹಾಕಿ, ಬಟ್ಟೆಯ ಮಧ್ಯೆ ಇಟ್ಟು, ಕೈಚೀಲದಲ್ಲೇ ತನ್ನಿ. ಮನೆಗೆ ಬಂದ ಮೇಲೆ ಬಿಸಿಲು ನೇರ ಬೀಳದ ಕಡೆ ಇಡಿ. ನೀರು ತಾಗಿಸಬೇಡಿ, ಒಣ ಬಟ್ಟೆಯಲ್ಲಿ ಒರೆಸಿದರೆ ಸಾಕು.